ಪಾಡ್ಯದಿಂದ ಪಾಡ್ಯಕ್ಕೆ: ಐದು ಬೆಂಚು, ಒಂದು ಆನೆ, ಒಂದು ಆಕಾಶಬುಟ್ಟಿ

ನಮ್ಮ ಮನೆಯಲ್ಲಿ ಗೊಂಬೆ ಕೂರಿಸುವ ಮೆಟ್ಟಿಲು ಅಂದರೆ ಇಷ್ಟು ವರ್ಷ ಎರಡು ಕಬ್ಬಿಣದ ಟ್ರಂಕು, ಒಂದು ಟೀಪಾಯಿ, ಅಕ್ಕಿ ಡಬ್ಬ, ಅದರ ಮೇಲೆ ಮಾವನವರ ಬಿಳಿ ಪಂಚೆ. ದೂರದಿಂದ ಚೆನ್ನಾಗೇ ಕಾಣುತ್ತಿತ್ತು. ಹೋದ ವರ್ಷ ಚಿಕ್ಕವನಿಗೆ ಮೂರು ವರ್ಷ. ಪಂಚೆಯ ಅಂಚು ಹಿಡಿದು ಒಮ್ಮೆ ಎಳೆದ, ಅಷ್ಟೇ. ದಶಾವತಾರದಲ್ಲಿ ಮೂರು ಅವತಾರ ಒಟ್ಟಿಗೆ ನೆಲಕ್ಕೆ ಬಂದವು. ಮಣ್ಣಿನ ಆನೆಯ ಸೊಂಡಿಲು ಮುರಿಯಿತು. ಪಟ್ಟದ ರಾಣಿಯ ಬಲಗೈ ಕಳಚಿ ಸೋಫಾ ಕೆಳಗೆ ಹೋಯಿತು. ಅವನು ಅತ್ತ, ನಾನು ಬೈದೆ. ಆಮೇಲೆ ಉಳಿದ ದಿನವೆಲ್ಲ "ಮುಟ್ಟಬೇಡ, ಮುಟ್ಟಬೇಡ" ಅಂತ ಕೂಗಿದ್ದೇ ನಮ್ಮ ನವರಾತ್ರಿ.

ಗೊಂಬೆ ಹಬ್ಬದಲ್ಲಿ ಮಕ್ಕಳು ಗೊಂಬೆ ಮುಟ್ಟಬಾರದು ಅಂದರೆ ಅದಕ್ಕೇನು ಅರ್ಥ, ಅಲ್ವಾ? ಅದಕ್ಕೆ 2025ರಲ್ಲಿ ಮುಟ್ಟಿದರೂ ಬೀಳದ ಮೆಟ್ಟಿಲು ಮಾಡೋಣ ಅಂತ ಹೊರಟೆ. ಕ್ಯಾಲೆಂಡರ್ ನೋಡಿದರೆ ಸೆಪ್ಟೆಂಬರ್ 22ಕ್ಕೆ ಆಶ್ವಯುಜದ ಪಾಡ್ಯ, ಅಕ್ಟೋಬರ್ 22ಕ್ಕೆ ಬಲಿಪಾಡ್ಯಮಿ. ಸರಿಯಾಗಿ ಒಂದು ತಿಂಗಳು. ದಸರಾ ರಜೆ, ಆಯುಧಪೂಜೆ, ದೀಪಾವಳಿ ಎಲ್ಲ ಅದರೊಳಗೇ. ಮನೆ ಮೈಸೂರಿನಲ್ಲಿ, ಹಾಗಾಗಿ ನೆಂಟರೂ ಅದೇ ತಿಂಗಳು ಬರುತ್ತಾರೆ. ಮಾಡಿದ್ದು, ಕೆಟ್ಟಿದ್ದು, ಮತ್ತೆ ಮಾಡಿದ್ದು ಎಲ್ಲ ಇಲ್ಲಿ ಬರೆದಿದ್ದೇನೆ.

ಸೆಪ್ಟೆಂಬರ್ 6, ಶನಿವಾರ

ಒಂದೇ ದೊಡ್ಡ ಮೆಟ್ಟಿಲು ಮಾಡಿಸಿದರೆ ಹಬ್ಬ ಮುಗಿದ ಮೇಲೆ ಇಡೋದೆಲ್ಲಿ? ಅದಕ್ಕೆ ಐದು ಬೇರೆ ಬೇರೆ ಬೆಂಚು ಅಂತ ತೀರ್ಮಾನಿಸಿದೆ. ಎಲ್ಲದರ ಉದ್ದ 4 ಅಡಿ, ಅಗಲ 8 ಇಂಚು. ಎತ್ತರ ಮಾತ್ರ 7, 14, 21, 28, 35 ಇಂಚು. ಒಂದರ ಹಿಂದೆ ಒಂದು ನಿಲ್ಲಿಸಿದರೆ ಮೆಟ್ಟಿಲು, ಬಿಡಿಸಿದರೆ ಬೆಂಚು. ಮೆಟ್ಟಿಲು ಬೆಸವಾಗಿರಬೇಕು ಅನ್ನೋ ಅತ್ತೆಯ ಮಾತೂ ಉಳಿಯಿತು. ಎರಡನೇ ಕ್ಲಾಸಿನ ದೊಡ್ಡವಳು ಎತ್ತರದ ಪಟ್ಟಿ ನೋಡಿ, "ಅಮ್ಮಾ, ಇದು ಏಳರ ಮಗ್ಗಿ!" ಅಂದಳು. ಅಲ್ಲಿಂದ ಮುಂದೆ ಬೆಂಚುಗಳ ಹೆಸರೇ ಹಾಗಾಯಿತು. ಏಳೊಂದ್ಲಿ ಬೆಂಚು, ಏಳೆರಡ್ಲಿ ಬೆಂಚು, ಹೀಗೆ.

8 ಅಡಿಗೆ 4 ಅಡಿಯ 12 ಎಂಎಂ ಪ್ಲೈವುಡ್ ಶೀಟು ಒಂದೇ ಸಾಕು ಅಂತ ಅವಳ ಚೌಕುಳಿ ಪುಸ್ತಕದಲ್ಲೇ ಲೆಕ್ಕ ಹಾಕಿದೆವು. ಶೀಟಿನ ಉದ್ದ 96 ಇಂಚು. ಮೇಲಿನ ಹಲಗೆ ಐದು, ಒಂದೊಂದು 8 ಇಂಚು ಅಗಲ, ಅಲ್ಲಿಗೆ 40 ಇಂಚು ಹೋಯಿತು. ಉಳಿದ 56 ಇಂಚು ಉದ್ದದ ತುಂಡನ್ನು ಉದ್ದಕ್ಕೇ ಸೀಳಿ, 48 ಇಂಚಿನ ಅಗಲದಲ್ಲಿ 8 ಇಂಚಿನ ಆರು ಪಟ್ಟಿ ಮಾಡಿದರೆ ನಾಲ್ಕು ಪಟ್ಟಿಯಲ್ಲಿ ದೊಡ್ಡ ಕಾಲುಗಳು (35ರ ಜೊತೆ 14, 28ರ ಜೊತೆ 21), ಐದನೆಯದರಲ್ಲಿ 7 ಇಂಚಿನ ಎರಡು ಗಿಡ್ಡ ಕಾಲು. ಆರನೇ ಪಟ್ಟಿ ಪೂರ್ತಿ ಮಿಗುತ್ತದೆ. ನನಗೆ ನನ್ನ ಬಗ್ಗೆ ಸ್ವಲ್ಪ ಜಾಸ್ತಿನೇ ಹೆಮ್ಮೆ ಆಯಿತು.

ಮರಗೆಲಸದ ಆಚಾರ್ರು ಆ ಚೀಟಿ ನೋಡಿ ನಕ್ಕರು. "ಬ್ಲೇಡು ತಿನ್ನೋದನ್ನ ಎಲ್ಲಿ ಬರೆದಿದೀರಮ್ಮ?"

ಬರೆದೇ ಇರಲಿಲ್ಲ. ಗರಗಸದ ಬ್ಲೇಡು ಒಂದೊಂದು ಕೊಯ್ತಕ್ಕೂ 3 ಎಂಎಂ ಮರವನ್ನು ಪುಡಿ ಮಾಡುತ್ತದೆ. ಆರು ಪಟ್ಟಿಗೆ ಐದು ಕೊಯ್ತ, ಅಂದರೆ 15 ಎಂಎಂ ಹೋಯಿತು. ಅರ್ಧ ಇಂಚಿಗಿಂತ ಜಾಸ್ತಿ. ಪುಣ್ಯಕ್ಕೆ ಆರನೆಯದು ಮಿಗುವ ಪಟ್ಟಿ. ಸಣ್ಣದಾದರೆ ಅದೇ ಆಗಲಿ ಅಂತ ಬಿಟ್ಟೆವು. ಕೊಯ್ಯುವಾಗ ಚಿಕ್ಕವನು ಎರಡೂ ಕಿವಿ ಮುಚ್ಚಿಕೊಂಡು ಹೊರಗೆ ನಿಂತಿದ್ದ. ಬರುವಾಗ ಒಂದು ಚೀಲ ಮರದ ಹೊಟ್ಟು ಬೇಕೇ ಬೇಕು ಅಂದ. ತಂದೆವು. ಅದು ಆಮೇಲೆ ಉಪಯೋಗಕ್ಕೆ ಬಂತು.

ಸೆಪ್ಟೆಂಬರ್ 7, ಭಾನುವಾರ

ಎಲ್ ಆಂಗಲ್ ಹಾಕಿ, ಡ್ರಿಲ್ಲಿನಲ್ಲಿ ಮೊದಲು ಸಣ್ಣ ತೂತು ಮಾಡಿ, ಆಮೇಲೆ ಸ್ಕ್ರೂ. ತೂತು ಮಾಡದೆ ಸ್ಕ್ರೂ ತಿರುಗಿಸಿದರೆ ಪ್ಲೈವುಡ್ಡಿನ ಪದರ ಬಿಟ್ಟುಕೊಳ್ಳುತ್ತದೆ. ಒಂದು ಕಾಲಿನಲ್ಲಿ ಅದನ್ನೂ ಕಲಿತೆ. ಅಂಚು ಉಜ್ಜುವ ಕೆಲಸ ಮಕ್ಕಳಿಗೆ. ಒಂದು ಮರದ ತುಂಡಿಗೆ 120 ನಂಬರಿನ ಸ್ಯಾಂಡ್ ಪೇಪರ್ ಸುತ್ತಿ ಕೊಟ್ಟೆ. ಅರ್ಧ ಗಂಟೆ ಉಜ್ಜಿದರು, ಆಮೇಲೆ ಮನೆಯ ಬೆಕ್ಕಿನ ಹಿಂದೆ ಹೋದರು. ಪರವಾಗಿಲ್ಲ, ಉಜ್ಜಿದಷ್ಟು ಜಾಗ ನಿಜವಾಗಿಯೂ ನುಣ್ಣಗಾಗಿತ್ತು.

ಸಂಜೆ ಐದೂ ಬೆಂಚು ನಿಂತವು. ಮೆಟ್ಟಿಲು ಆಯಿತು ಅಂತ ನಾನು ಕೈ ತೊಳೆಯಲು ಹೊರಟರೆ ದೊಡ್ಡವಳು ತಡೆದಳು. "ತಾಲೀಮು ಮಾಡಿಸಬೇಕು ಅಲ್ವಾ?"

ಮೈಸೂರಿನ ಮಕ್ಕಳಿಗೆ ಇದು ಹೇಳಿಕೊಡಬೇಕಾಗಿಲ್ಲ. ಗಜಪಡೆ ಆಗಸ್ಟಿನಲ್ಲೇ ಊರಿಗೆ ಬಂದಿರುತ್ತದೆ. ಜಂಬೂ ಸವಾರಿಯ ದಿನ 750 ಕೆಜಿಯ ಚಿನ್ನದ ಅಂಬಾರಿ ಹೊರಬೇಕು. ಅದಕ್ಕೆ ಮೊದಲು ಬೆನ್ನಿನ ಮೇಲೆ ಮರಳು ಮೂಟೆ ಕಟ್ಟಿ, ಅರಮನೆಯಿಂದ ಬನ್ನಿಮಂಟಪದವರೆಗೆ ಐದು ಕಿಲೋಮೀಟರು ನಡೆಸುತ್ತಾರೆ. ಆಮೇಲೆ ಮರದ ಅಂಬಾರಿ. ಬೆಳಗ್ಗೆ ಹಾಲು ತರಲು ಹೋದಾಗ ಎಷ್ಟೋ ಸಲ ನೋಡಿದ್ದೇವೆ.

ಸರಿ, ಅಡುಗೆಮನೆಯಿಂದ 10 ಕೆಜಿ ಅಕ್ಕಿ ಮೂಟೆ ಬಂತು. ಏಳ್ಮೂರ್ಲಿ ಬೆಂಚಿನ ನಡುವೆ ಇಟ್ಟೆವು. ಹಲಗೆ ಮೆಲ್ಲಗೆ, ನಮ್ಮ ಕಣ್ಣೆದುರೇ, ಒಂದು ಇಂಚಿನಷ್ಟು ಬಗ್ಗಿತು. ಪಕ್ಕಕ್ಕೆ ಒಂದು ಬೆರಳಿನಲ್ಲಿ ತಳ್ಳಿದರೆ ಇಡೀ ಬೆಂಚು ತೂಗಾಡಿತು. ಚಿಕ್ಕವನಿಗೆ ಬಹಳ ಖುಷಿ.

ಯಾಕೆ ಬಗ್ಗಿತು ಅಂತ ರಾತ್ರಿ ಕೂತು ನೋಡಿದೆ. ಪ್ಲೈವುಡ್ಡಿನ ಮೇಲಿನ ಪದರದ ಎಳೆ ಶೀಟಿನ 8 ಅಡಿ ಉದ್ದಕ್ಕೆ ಓಡುತ್ತದೆ. ನಾನು ಮೇಲಿನ ಹಲಗೆಗಳನ್ನು 4 ಅಡಿಯ ಕಡೆಗೆ ಕೊಯ್ಸಿದ್ದೆ. ಅಂದರೆ ಎಳೆ ಅಡ್ಡಕ್ಕೆ ಬಂತು. ಶೀಟು ಉಳಿಸುವ ಲೆಕ್ಕದಲ್ಲಿ ಎಳೆಯ ಕಡೆ ನೋಡಲೇ ಇಲ್ಲ. ನೀವು ಮಾಡುವುದಾದರೆ ಮೇಲಿನ ಹಲಗೆಯನ್ನು ಶೀಟಿನ ಉದ್ದಕ್ಕೇ ಕೊಯ್ಸಿ, ಇಲ್ಲವೇ 18 ಎಂಎಂ ತನ್ನಿ.

ಸೆಪ್ಟೆಂಬರ್ 10

ಮಿಕ್ಕಿದ ಆ ಆರನೇ ಪಟ್ಟಿ ಈಗ ಕಾಪಾಡಿತು. ಆಚಾರ್ರ ಹತ್ತಿರ ಅದನ್ನು ಉದ್ದಕ್ಕೆ ನಾಲ್ಕು ಸೀಳಿಸಿದೆ. ಎರಡೆರಡು ಇಂಚು ಬರಬೇಕಿತ್ತು. ಬ್ಲೇಡು ತಿಂದು ತಿಂದು ಒಂದೂ ಮುಕ್ಕಾಲು ಬಂತು. ಅದನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಹಲಗೆಯ ಅಡಿಯಲ್ಲಿ ಈ ಕಾಲಿನಿಂದ ಆ ಕಾಲಿಗೆ ಅಡ್ಡಪಟ್ಟಿಯಾಗಿ ಹೊಡೆದೆ. ಇದರ ಎಳೆ ಸರಿಯಾದ ಕಡೆಗೆ ಇದೆ. ಮತ್ತೆ ಅಕ್ಕಿ ಮೂಟೆ. ಈ ಸಲ ಸ್ಕೇಲು ಹಿಡಿದು ಅಳೆದರೆ 4 ಎಂಎಂ. ಅದೇ ತೆಳು ಪಟ್ಟಿ ಮಲಗಿದರೆ ಬಳುಕುತ್ತದೆ, ನಿಂತರೆ ತೊಲೆ ಥರ ಗಟ್ಟಿ. ಮಕ್ಕಳಿಗೆ ಇದನ್ನು ಒಂದು ಪ್ಲಾಸ್ಟಿಕ್ ಸ್ಕೇಲಿನಲ್ಲಿ ತೋರಿಸಿದೆ. ಅವರು ಸ್ಕೇಲು ಮುರಿದರು.

ಪಟ್ಟಿ ನಾಲ್ಕು, ಬೆಂಚು ಐದು. ಏಳೊಂದ್ಲಿಗೆ ಪಟ್ಟಿ ಇಲ್ಲ. ಅದರ ನಡುವೆ ಎರಡು ಇಟ್ಟಿಗೆ, ಮೇಲೊಂದು ದಪ್ಪ ನೋಟ್ ಬುಕ್ಕು ತುರುಕಿದೆ. ಬಟ್ಟೆ ಹೊದಿಸಿದ ಮೇಲೆ ಯಾರಿಗೆ ಕಾಣುತ್ತೆ?

35 ಇಂಚಿನ ಬೆಂಚು 8 ಇಂಚಿನ ಪಾದದ ಮೇಲೆ ಒಂಟಿಯಾಗಿ ನಿಲ್ಲುವುದು ಅಪಾಯ. ಅದಕ್ಕೆ ಬೆಂಚು ಬೆಂಚಿಗೆ ಕಿಟಕಿಗೆ ಹಾಕುವ ಕೊಂಡಿ ಹಾಕಿದೆ. ನಾಲ್ಕು ಸಂದು, ಎರಡೂ ಕಡೆ, ಒಟ್ಟು ಎಂಟು ಕೊಂಡಿ. ಸಿಕ್ಕಿಸಿದರೆ ಐದೂ ಒಂದೇ ಮೈ. ಎಲ್ಲ ಹಲಗೆಯ ಮುಂದಿನ ಅಂಚಿಗೆ ಅರ್ಧ ಇಂಚಿನ ಬೀಡಿಂಗ್ ಪಟ್ಟಿ ಹೊಡೆದೆ. ಗೊಂಬೆ ಜಾರಿದರೂ ಅಲ್ಲಿ ತಡೆಯುತ್ತದೆ. ಬಟ್ಟೆಯನ್ನು ನೇತುಬಿಡದೆ ಹಲಗೆ ಹಲಗೆಗೂ ಬೇರೆ ತುಂಡು ಸುತ್ತಿ, ಅಡಿಯಲ್ಲಿ ಡ್ರಾಯಿಂಗ್ ಪಿನ್ನು ಚುಚ್ಚಿದೆ. ಎಳೆಯೋಕೆ ಅಂಚೇ ಇಲ್ಲ.

ಗೊಂಬೆ ಆಸ್ಪತ್ರೆ: ಸೆಪ್ಟೆಂಬರ್ 13ರಿಂದ 18

ಮೊದಲು ಪಟ್ಟದ ರಾಣಿ. ರಕ್ತಚಂದನದ ಜೋಡಿ, ನನ್ನ ಮದುವೆಯಲ್ಲಿ ಅಮ್ಮ ಕೊಟ್ಟಿದ್ದು. ಇಡೀ ಮೆಟ್ಟಿಲಿನಲ್ಲಿ ಇವರಿಬ್ಬರೇ ಮುಖ್ಯ. ಉಳಿದವರೆಲ್ಲ ಇವರನ್ನು ನೋಡಲು ಬಂದವರು. ಕೈಯನ್ನು ಬೇರೆ ಮಾಡಿ, ಒಂದು ಸಣ್ಣ ಗೂಟದಲ್ಲಿ ಭುಜಕ್ಕೆ ಸಿಕ್ಕಿಸಿದ್ದರು. ಗೂಟ ಒಳಗೇ ಮುರಿದಿತ್ತು. ಕೈಯಲ್ಲೇ ತಿರುಗಿಸುವ ಸಣ್ಣ ಬೈರಿಗೆಯಿಂದ ಹಳೇ ಗೂಟ ಕೆರೆದು ತೆಗೆದೆ. ಕೆಂಪು ಪುಡಿ ಬಂತು, ಬಿಳಿ ಕಾಗದದ ಮೇಲೆ ಕುಂಕುಮದ ಹಾಗೆ. ಹೊಸ ಗೂಟಕ್ಕೆ ಎರಡು ಊದಿನಕಡ್ಡಿಯ ತುದಿ, ಬರೀ ಬಿದಿರು ಇರುವ ಭಾಗ. ಎರಡನ್ನೂ ಅಂಟಿಸಿ ಒಂದು ಮಾಡಿ ಸಿಕ್ಕಿಸಿದೆ. ಅಂಟು ಮಾತ್ರ ಬಿಳಿ ಫೆವಿಕಾಲ್. ಎಪಾಕ್ಸಿ ಹಾಕಿದರೆ ಗಟ್ಟಿ, ನಿಜ. ಆದರೆ ಮುಂದೆ ನನ್ನ ಮಗಳು ಇದನ್ನು ಮತ್ತೆ ಬಿಚ್ಚಬೇಕಾದರೆ? ಫೆವಿಕಾಲ್ ಆದರೆ ಬಿಸಿನೀರಿನ ಬಟ್ಟೆ ಸುತ್ತಿಟ್ಟರೆ ಮೆತ್ತಗಾಗುತ್ತದೆ.

ಆನೆಗೆ ಬಹಳ ದಿನ ಹಿಡಿಯಿತು. ಮಣ್ಣಿನ ಆನೆ, ಟೊಳ್ಳು. ಸೊಂಡಿಲು ಪುಡಿಪುಡಿ ಆಗಿದ್ದರಿಂದ ಹೊಸದೇ ಮಾಡಬೇಕಿತ್ತು. ಕಿನ್ನಾಳದ ಗೊಂಬೆ ಮಾಡುವವರು ಮರದ ಹೊಟ್ಟಿಗೆ ಹುಣಸೆ ಬೀಜದ ಅಂಟು ಕಲಸಿ ಉಪಯೋಗಿಸುತ್ತಾರೆ ಅಂತ ಕೇಳಿದ್ದೆ. ನಮ್ಮಲ್ಲೂ ಒಂದು ಚೀಲ ಹೊಟ್ಟು ಇದೆಯಲ್ಲ! ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಕುದಿಸಿದೆ. ಗಂಜಿಯಂಥ ಅಂಟು ಬಂತು. ಹೊಟ್ಟು ಕಲಸಿದರೆ ಚಪಾತಿ ಹಿಟ್ಟಿನ ಹದ. ಮಕ್ಕಳು ಅದರಲ್ಲಿ ಹಾವು, ಇಡ್ಲಿ, ಒಂದು ಲಾರಿ ಮಾಡಿದರು. ನಾನು ಸೊಂಡಿಲು ಮಾಡಿ ಅಂಟಿಸಿದೆ. ಬೆಳಗ್ಗೆ ನೋಡಿದರೆ ಸೊಂಡಿಲು ನೆಲದ ಮೇಲೆ. ಒಣಗಿ ಕುಗ್ಗಿ ಬಿಟ್ಟುಕೊಂಡಿತ್ತು. ತಪ್ಪು ಅಂಟಿನದಲ್ಲ. ಗಾಳಿಯಲ್ಲಿ ನೇತಾಡುವ ಸೊಂಡಿಲಿಗೆ ಒಳಗೆ ಮೂಳೆ ಬೇಕು.

ಎರಡನೇ ಸಲ ಹಳೇ ಕರೆಂಟು ವೈರಿನ ತಾಮ್ರದ ತಂತಿಯನ್ನು ಸೊಂಡಿಲಿನ ಆಕಾರಕ್ಕೆ ಬಗ್ಗಿಸಿದೆ. ಮುಖದ ತೂತಿನೊಳಗೆ ಒಂದು ಇಂಚು ತೂರಿಸಿ, ಎಂ-ಸೀಲ್ ಕಲಸಿ ಸುತ್ತಲೂ ಮೆತ್ತಿದೆ. ಇದು ಮಕ್ಕಳ ಕೈಗೆ ಕೊಡುವ ವಸ್ತುವಲ್ಲ. ನಾನೂ ಕೈಗವಸು ಹಾಕಿಕೊಂಡೆ. ಎರಡು ಬಣ್ಣದ ಉಂಡೆ ಕಲೆಸಿ ಒಂದೇ ಬಣ್ಣ ಆಗುವ ತನಕ ನಾದಬೇಕು. ಒಂದು ಗೆರೆ ಉಳಿದರೂ ಅಲ್ಲಿ ಗಟ್ಟಿ ಆಗುವುದಿಲ್ಲ. ಮೇಲೆ ಒದ್ದೆ ಬೆರಳು ಆಡಿಸಿದರೆ ನುಣುಪು. ಸೊಂಡಿಲಿನ ಸುಕ್ಕು ಮಾಡಲು ಬಾಚಣಿಗೆಯ ಹಲ್ಲು.

ಬಣ್ಣದಲ್ಲೂ ಒಂದು ಎಡವಟ್ಟು. ಪೋಸ್ಟರ್ ಕಲರ್ ಹಚ್ಚಿ, ಹೊಳಪಿಗೆ ಅಂತ ನೀರು ಬೆರೆಸಿದ ಫೆವಿಕಾಲ್ ಬಳಿದೆ. ಬಣ್ಣ ಕರಗಿ ಆನೆಯ ಕಣ್ಣು ಕೆನ್ನೆಗೆ ಇಳಿಯಿತು. "ಅಭಿಮನ್ಯು ಅಳ್ತಿದಾನೆ" ಅಂದ ಚಿಕ್ಕವನು. ಅಂಬಾರಿ ಹೊರುವ ಆನೆಯ ಹೆಸರನ್ನೇ ಇದಕ್ಕೂ ಇಟ್ಟಿದ್ದಾರೆ. ಒರೆಸಿ, ಅಕ್ರಿಲಿಕ್ ಬಣ್ಣ ತಂದು ಮತ್ತೆ ಹಚ್ಚಿದೆ. ಅದು ಒಣಗಿದ ಮೇಲೆ ನೀರಿಗೆ ಬಿಡುವುದಿಲ್ಲ. ಸೊಂಡಿಲಿನ ಬೂದು ಮೈಯ ಬೂದಿಗೆ ಹೊಂದಲಿಲ್ಲ. ಹಾಗೇ ಇರಲಿ.

ಈ ನಡುವೆ ಗೊಂಬೆಗಳ ಜೊತೆ ಇಡುವ ಪುಟ್ಟ ಪಾರ್ಕು. 14ಕ್ಕೆ ಒಂದು ತಟ್ಟೆಯಲ್ಲಿ ಮಣ್ಣು ಹಾಕಿ ನೆನೆಸಿದ ರಾಗಿ ಬಿತ್ತಿದೆವು. ಇಬ್ಬರೂ ಪೈಪೋಟಿಯಲ್ಲಿ ನೀರು ಹಾಕಿದರು. ನಾಲ್ಕನೇ ದಿನ ಬಿಳಿ ಬೂಸ್ಟು, ವಾಸನೆ. ತೂತು ಮಾಡಿದ ಹಳೇ ಪ್ಲಾಸ್ಟಿಕ್ ಟ್ರೇಯಲ್ಲಿ ಮತ್ತೆ ಬಿತ್ತಿದೆ. ತಂಬಿಗೆ ಕಿತ್ತುಕೊಂಡು ಸ್ಪ್ರೇ ಬಾಟಲಿ ಕೊಟ್ಟೆ. ಹಬ್ಬದ ಹೊತ್ತಿಗೆ ಹುಲ್ಲು ಕಿರುಬೆರಳಿನ ಒಂದು ಗೆಣ್ಣಿನಷ್ಟು ಬಂದಿತ್ತು. ಸಾಲದು ಅಂತ ಅಂಚಿಗೆ ಸಾಸಿವೆ ಹಾಕಿದೆವು. ಅದು ಬೇಗ ಏಳುತ್ತದೆ, ಬೇಗ ಬೀಳುತ್ತದೆ.

ಸೆಪ್ಟೆಂಬರ್ 22, ಪಾಡ್ಯ

ಹಿಂದಿನ ದಿನ ಅಮಾವಾಸ್ಯೆ. ರಾತ್ರಿಯೇ ಮೆಟ್ಟಿಲು ಜೋಡಿಸಿಟ್ಟಿದ್ದೆ. ಕೊಂಡಿ ಸಿಕ್ಕಿಸಲು ಹತ್ತು ನಿಮಿಷ. ಮೇಲೆ ಕಲಶ, ಪಟ್ಟದ ಗೊಂಬೆ. ಅದರ ಕೆಳಗೆ ದಶಾವತಾರ. ಅದರ ಕೆಳಗೆ ಮದುವೆ ಮನೆ. ನಾಲ್ಕನೆಯದರಲ್ಲಿ ಜಂಬೂ ಸವಾರಿ, ಮುಂದೆ ಬೂದು ಬಣ್ಣ ಹೊಂದದ ಅಭಿಮನ್ಯು.

ಏಳೊಂದ್ಲಿ ಬೆಂಚು ಪೂರ್ತಿ ಮಕ್ಕಳದು. ಅಲ್ಲಿ ಶೆಟ್ಟಿ-ಶೆಟ್ಟಮ್ಮನ ಅಂಗಡಿ. ಅಲ್ಲಿದ್ದದ್ದೆಲ್ಲ ಮುಟ್ಟಬಹುದು, ಎತ್ತಬಹುದು, ಮಾರಬಹುದು. ಸಣ್ಣ ಡಬ್ಬಿಗಳಲ್ಲಿ ನಿಜವಾದ ಅಕ್ಕಿ, ತೊಗರಿಬೇಳೆ, ಬೆಲ್ಲ. ಚನ್ನಪಟ್ಟಣದ ಮರದ ತಕ್ಕಡಿ. ಆ ಅರಗಿನ ಬಣ್ಣದ ಆಟಿಕೆಗಳಿಗೆ ಬಿದ್ದರೂ ಭಯವಿಲ್ಲ. ಸಂಜೆ ಗೊಂಬೆ ಬಾಗಿನಕ್ಕೆ ಬಂದ ಮಕ್ಕಳು ಹಾಡು ಹೇಳಿ, ಉಸಲಿ, ಕೊಬ್ಬರಿ ಮಿಠಾಯಿ ತಗೊಂಡರು. ಆಮೇಲೆ ಎಲ್ಲ ಅಂಗಡಿ ಮುಂದೆ ಸೇರಿದರು. ಮೂರನೇ ದಿನ ಬೆಲ್ಲ ಖಾಲಿ. ಶೆಟ್ಟಿಯೇ ತಿಂದಿದ್ದ ಅಂತ ಚಿಕ್ಕವನ ಹೇಳಿಕೆ. ಮೇಲಿನ ನಾಲ್ಕು ಮೆಟ್ಟಿಲಿನ ಕಡೆ ಅವನು ತಿರುಗಿಯೂ ನೋಡಲಿಲ್ಲ. ಆ ಬೀಡಿಂಗು, ಕೊಂಡಿ ಎಲ್ಲ ಅವನಿಗಾಗಿ ಅಂತ ಹಾಕಿದ್ದು. ಕೊನೆಗೆ ಅದಕ್ಕೆ ಡಿಕ್ಕಿ ಹೊಡೆದದ್ದು ನಮ್ಮ ಮನೆಯವರು, ಮೊಬೈಲ್ ನೋಡುತ್ತಾ. ಒಂದು ಗೊಂಬೆಯೂ ಬೀಳಲಿಲ್ಲ.

ಅಕ್ಟೋಬರ್ 1, ಆಯುಧಪೂಜೆ

ಏಳೆರಡ್ಲಿ ಬೆಂಚಿನ ಪಕ್ಕ ಚಾಪೆ ಹಾಸಿ ಡ್ರಿಲ್ಲು, ಟೇಪು, ಸುತ್ತಿಗೆ, ಸ್ಕ್ರೂಡ್ರೈವರು, ಮಕ್ಕಳ ಜಾಮಿಟ್ರಿ ಬಾಕ್ಸು, ಮುರಿದ ಸ್ಕೇಲಿನ ದೊಡ್ಡ ತುಂಡು, ಎಲ್ಲಕ್ಕೂ ಅರಿಶಿನ ಕುಂಕುಮ. ಸೈಕಲ್ಲುಗಳಿಗೆ ಹೂವು. ಮಂಗಳಾರತಿ ಆಗಿ ಅರ್ಧ ಗಂಟೆಯಾಗಿಲ್ಲ, ಎಡಗಡೆಯ ಒಂದು ಕೊಂಡಿಯ ಸ್ಕ್ರೂ ಕಿತ್ತು ಬಂತು. ಕೈ ಅಭ್ಯಾಸದಲ್ಲಿ ಸ್ಕ್ರೂಡ್ರೈವರಿಗೆ ಹೋಯಿತು.

"ಪೂಜೆಗಿಟ್ಟಿದ್ದನ್ನ ಇವತ್ತು ಎತ್ತಬಾರದಮ್ಮ" ಅಂದರು ಅತ್ತೆ.

"ಬೆಂಚು ಬಿದ್ದರೆ?"

"ಹೂವಿನ ದಾರ ಇದೆಯಲ್ಲ."

ಬಾಳೆನಾರಿನಲ್ಲಿ ಎರಡು ಕಾಲನ್ನು ಸೇರಿಸಿ ಬಿಗಿದು ಕಟ್ಟಿದರು. ವಿಜಯದಶಮಿ ದಾಟುವವರೆಗೂ ಅದು ನಿಂತಿತು. ಆಮೇಲೆ ಸಡಿಲವಾದ ತೂತಿಗೆ ಫೆವಿಕಾಲ್ ಅದ್ದಿದ ಬೆಂಕಿಕಡ್ಡಿ ತುರುಕಿ, ಅದೇ ಸ್ಕ್ರೂ ಮತ್ತೆ ತಿರುಗಿಸಿದೆ. ಈಗ ಕಚ್ಚಿ ಹಿಡಿದಿದೆ.

2ನೇ ತಾರೀಕು ಜಂಬೂ ಸವಾರಿ. ಜನಜಂಗುಳಿಗೆ ಚಿಕ್ಕವರನ್ನು ಕರೆದೊಯ್ಯುವ ಧೈರ್ಯ ಬರಲಿಲ್ಲ. ಟಿವಿಯಲ್ಲೇ ನೋಡಿದೆವು. ಸಂಜೆ ಬನ್ನಿ ಕೊಟ್ಟು, ರಾತ್ರಿ ಪಟ್ಟದ ಗೊಂಬೆ ಮಲಗಿಸಿದೆವು. ರಾಣಿಯ ಕೈ ಭದ್ರ.

ಅಕ್ಟೋಬರ್ 11ರಿಂದ 19: ಆಕಾಶಬುಟ್ಟಿ

ಮಂಗಳೂರಿನ ಕಡೆ ಇದನ್ನೇ ಗೂಡುದೀಪ ಅಂತಾರೆ. 8 ಇಂಚಿನ 24 ಬಿದಿರು ಕಡ್ಡಿ ಸಾಕು. ಮೊದಲು ನಾಲ್ಕು ಚೌಕ. ಅವನ್ನು ಮೂಲೆಯ ಮೇಲೆ ನಿಲ್ಲಿಸಿ, ಪಕ್ಕದ ಮೂಲೆಗಳನ್ನು ಒಂದಕ್ಕೊಂದು ಕಟ್ಟಿ ಸುತ್ತು ಮಾಡಬೇಕು. ಅಲ್ಲಿಗೆ 16 ಕಡ್ಡಿ. ಮೇಲಿನ ನಾಲ್ಕು ತುದಿ ಸೇರಿಸಲು ನಾಲ್ಕು, ಕೆಳಗಿನ ತುದಿಗೆ ನಾಲ್ಕು. ಕಟ್ಟಿದ ಮೇಲೆ ಎಣಿಸಿ ನೋಡಿ, ಆರು ಚೌಕ, ಎಂಟು ತ್ರಿಕೋನ. ಮಾಡದೇ ಬಂದ ತ್ರಿಕೋನಗಳನ್ನು ನೋಡಿ ದೊಡ್ಡವಳು ಎರಡು ಸಲ ಎಣಿಸಿದಳು.

ಆದರೆ ಬರೀ ದಾರದ ಗಂಟಿನಲ್ಲಿ ಗೂಡು ನಿಲ್ಲುವುದಿಲ್ಲ. ಮೇಲಿನ ಚೌಕ ಹಿಡಿದು ತಿರುಚಿದರೆ ಇಡೀ ಬುಟ್ಟಿ ಮಡಚಿಕೊಂಡು ಕೂರುತ್ತದೆ. ತ್ರಿಕೋನ ಅಲುಗಾಡುವುದಿಲ್ಲ, ಚೌಕ ವಾಲುತ್ತದೆ. ಅದಕ್ಕೆ ಮೇಲಿನ ಮತ್ತು ಕೆಳಗಿನ ಚೌಕಕ್ಕೆ ಮೂಲೆಯಿಂದ ಮೂಲೆಗೆ ಅಡ್ಡಕಡ್ಡಿ ಕಟ್ಟಿದೆ, 11 ಇಂಚು ಚಿಲ್ಲರೆ ಉದ್ದ. ಮೇಲಿನದು ಬಲ್ಬಿನ ಹೋಲ್ಡರ್ ಕಟ್ಟಲೂ ಆಯಿತು. ಪಕ್ಕದ ಚೌಕಗಳು ಕಾಗದ ಅಂಟಿಸಿದ ಮೇಲೆ ಬಿಗಿಯಾದವು. ಗಾಳಿಪಟದ ಕಾಗದ, ಮೈದಾ ಅಂಟು. ಮೊದಲೆಲ್ಲ ಹುಳ ಬರದಿರಲಿ ಅಂತ ಅಂಟಿಗೆ ಮೈಲುತುತ್ತ ಹಾಕುತ್ತಿದ್ದರು. ಬೆರಳು ನೆಕ್ಕುವ ಮಕ್ಕಳಿರುವ ಮನೆಗೆ ಅದು ಬೇಡ. ಅಂಟು ಕಾಗದಕ್ಕೆ ಹಚ್ಚಬೇಡಿ, ಕಡ್ಡಿಗೆ ಹಚ್ಚಿ. ನಾವು ಎರಡು ಹಾಳೆ ಹರಿದ ಮೇಲೆ ಗೊತ್ತಾಯಿತು.

ಬಲ್ಬು 5 ವ್ಯಾಟಿನ ಎಲ್‌ಇಡಿ. ಮೇಲು ಕೆಳಗು ಕಾಗದ ಹಾಕದೆ ಬಿಟ್ಟೆ. 19ರ ಸಂಜೆ, ನೀರು ತುಂಬುವ ಹಬ್ಬದ ದಿನ, ಹಂಡೆ ತೊಳೆದು ನೀರು ತುಂಬಿಸಿ ಬಂದು ಬುಟ್ಟಿ ಏರಿಸಿದೆವು. ಬೆಳಕು ಹಾಕಿದಾಗ ಕಾಂಪೌಂಡ್ ಗೋಡೆಯ ಮೇಲೆ ಕೆಂಪು ತ್ರಿಕೋನ, ಹಳದಿ ಚೌಕ ಬಿದ್ದವು. ಚಿಕ್ಕವನು ಗೋಡೆಗೆ ಹೋಗಿ ಒಂದು ತ್ರಿಕೋನದ ಮೇಲೆ ಕೈಯಿಟ್ಟ. ಅದು ಅವನ ಕೈಮೇಲೆ ಬಂತು.

20ರ ರಾತ್ರಿ ಮಳೆ. ನರಕ ಚತುರ್ದಶಿಯ ಎಣ್ಣೆ ಸ್ನಾನ ಬೆಳಗ್ಗೆಯೇ ಮುಗಿದಿತ್ತು, ಆಕಾಶಬುಟ್ಟಿಗೆ ಈಗ ಆಯಿತು. ಗಾಳಿಯ ಕಡೆಗಿದ್ದ ಎರಡು ಚೌಕ, ಮೂರು ತ್ರಿಕೋನ ಕರಗಿ ಜೋತುಬಿದ್ದವು. ಗೂಡು ಮಾತ್ರ ಅಲುಗಾಡಲಿಲ್ಲ. ಮಾರನೇ ದಿನ ಆ ಐದು ಕಡೆ ಗಿಫ್ಟ್ ಸುತ್ತುವ ಬಣ್ಣದ ಗಾಜುಕಾಗದ ಅಂಟಿಸಿ, ಸಜ್ಜಾದ ಕೆಳಗೆ ಒಳಕ್ಕೆ ಸರಿಸಿ ಕಟ್ಟಿದೆ. ಅರ್ಧ ಮಂಕು, ಅರ್ಧ ಹೊಳಪು.

ಅಕ್ಟೋಬರ್ 22, ಬಲಿಪಾಡ್ಯಮಿ

ಬೆಂಚುಗಳು ಈಗ ಮನೆಯಲ್ಲೆಲ್ಲ ಚದುರಿವೆ. ಏಳೈದ್ಲಿ ಜಗುಲಿಯಲ್ಲಿ, ಗೋಡೆಗೆ ಒಂದು ಕೊಂಡಿ ಹಾಕಿ ನಿಲ್ಲಿಸಿದ್ದು, ಹಣತೆ ಇಡಲು. ಏಳ್ನಾಲ್ಕ್ಲಿ ಅಡುಗೆಮನೆಗೆ ಹೋಯಿತು. ಅದು ಇನ್ನೂ ಒಂದು ಕಡೆ ಕುಂಟುತ್ತದೆ, ಕಾಲಿನ ಅಡಿ ಉಜ್ಜಬೇಕು. ಏಳ್ಮೂರ್ಲಿ ಮೇಲೆ ಅತ್ತೆಯ ತುಳಸಿ ಪಾಟುಗಳು. ಏಳೆರಡ್ಲಿ ದೊಡ್ಡವಳ ಬರೆಯುವ ಡೆಸ್ಕು, ನೆಲದ ಮೇಲೆ ಕೂತರೆ ಸರಿಯಾದ ಎತ್ತರ.

ಏಳೊಂದ್ಲಿಯ ಅಂಗಡಿ ಮಾತ್ರ ಇನ್ನೂ ಮುಚ್ಚಿಲ್ಲ. ಇವತ್ತು ಬೆಳಗ್ಗೆ ಶೆಟ್ಟಿ ನನಗೆ ಅರ್ಧ ಪಾವು ತೊಗರಿಬೇಳೆ ಸಾಲ ಕೊಟ್ಟ. ಸಾರಿಗೆ ನಿಜವಾಗಿಯೂ ಕಡಿಮೆ ಬಿದ್ದಿತ್ತು.